ಸಾವಿನ ಪಟ್ಟಿಯಲ್ಲಿ ರೋಗಗಳು ಮನೆ ಬದಲಿಸಿದಾಗ

ಅಮೆರಿಕದಲ್ಲಿ 1998ರಲ್ಲಿ ನ್ಯುಮೋನಿಯಾ ಮತ್ತು ಇನ್‌ಫ್ಲುಯೆಂಜಾದಿಂದ ತೀರಿಕೊಂಡವರೆಂದು ದಾಖಲಾದವರ ಸಂಖ್ಯೆ 91,871. ಮರುವರ್ಷ ಅದು 63,730ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಅಲ್ಝೈಮರ್ ಕಾಯಿಲೆಯ ಸಾವುಗಳು 22,725ರಿಂದ 44,536ಕ್ಕೆ ಏರಿ ಹೆಚ್ಚುಕಡಿಮೆ ಇಮ್ಮಡಿಯಾದವು. ಈ ನಾಲ್ಕು ಸಂಖ್ಯೆಗಳನ್ನು ಮಾತ್ರ ಕಂಡವರು, ಶ್ವಾಸಕೋಶದ ಸೋಂಕಿಗೆ ಯಾವುದೋ ದಿವ್ಯೌಷಧ ಸಿಕ್ಕಿತೆಂದೂ ಮರೆವಿನ ಕಾಯಿಲೆ ಪಿಡುಗಿನಂತೆ ಹಬ್ಬಿತೆಂದೂ ತೀರ್ಮಾನಿಸಿದರೆ ಅವರನ್ನು ದೂರುವಂತಿಲ್ಲ. ಆದರೆ ಆ ವರ್ಷ ಆಸ್ಪತ್ರೆಗಳಲ್ಲಿ ಅಂಥದ್ದೇನೂ ನಡೆದಿರಲಿಲ್ಲ. ಬದಲಾವಣೆ ನಡೆದದ್ದು ದಾಖಲೆಗಳನ್ನು ವಿಂಗಡಿಸುವ ಕಚೇರಿಯಲ್ಲಿ. ಐಸಿಡಿ ಎಂದೇ ಎಲ್ಲೆಡೆ ಕರೆಯಲಾಗುವ ಅಂತರರಾಷ್ಟ್ರೀಯ ರೋಗ ವರ್ಗೀಕರಣದ ಒಂಬತ್ತನೇ ಪರಿಷ್ಕರಣೆಯನ್ನು ಬಿಟ್ಟು, 1999ರ ಸಾವುಗಳಿಂದ ಮೊದಲ್ಗೊಂಡು ಹತ್ತನೇ ಪರಿಷ್ಕರಣೆಯನ್ನು ಆ ದೇಶ ಬಳಸತೊಡಗಿತ್ತು.

ಒಂದು ಪುಸ್ತಕದ ಬದಲು ಇನ್ನೊಂದನ್ನು ಮೇಜಿನ ಮೇಲಿಟ್ಟರೆ ಇಪ್ಪತ್ತೆಂಟು ಸಾವಿರ ಸಾವುಗಳು ಒಂದು ಅಂಕಣದಿಂದ ಹೇಗೆ ಮಾಯವಾಗುತ್ತವೆ ಎಂಬುದನ್ನು ಅರಿಯಲು, ಒಂದು ಸಾವು ಅಂಕಿಯಾಗುವ ದಾರಿಯನ್ನು ಹತ್ತಿರದಿಂದ ನೋಡಬೇಕು. ವೈದ್ಯರು ತುಂಬುವ ಮರಣ ಕಾರಣದ ಪ್ರಮಾಣಪತ್ರದಲ್ಲಿ ಎರಡು ಭಾಗಗಳಿರುತ್ತವೆ. ಮೊದಲನೆಯ ಭಾಗದಲ್ಲಿ ಒಂದರ ಕೆಳಗೊಂದು ಸಾಲುಗಳಿದ್ದು, ಮೇಲಿನ ಸಾಲಿನಲ್ಲಿ ಸಾವಿಗೆ ತಕ್ಷಣ ಕಾರಣವಾದದ್ದನ್ನೂ, ಅದು ಯಾವುದರಿಂದ ಉಂಟಾಯಿತು ಎಂಬುದನ್ನು ಅದರ ಕೆಳಗೂ, ಆ ಎರಡನೆಯದಕ್ಕೆ ಕಾರಣವಾದದ್ದನ್ನು ಇನ್ನೂ ಕೆಳಗೂ ಬರೆಯಬೇಕು. ಈ ಸರಣಿಗೆ ನೇರವಾಗಿ ಸೇರದಿದ್ದರೂ ಸಾವಿಗೆ ತನ್ನ ಪಾಲು ಸೇರಿಸಿದ ಕಾಯಿಲೆಗಳು ಎರಡನೆಯ ಭಾಗಕ್ಕೆ ಹೋಗುತ್ತವೆ. ಹೀಗೆ ಒಂದು ಪ್ರಮಾಣಪತ್ರದಲ್ಲಿ ಮೂರು, ನಾಲ್ಕು, ಕೆಲವೊಮ್ಮೆ ಆರೇಳು ಕಾಯಿಲೆಗಳ ಹೆಸರಿರಬಹುದು. ಆದರೆ ನಾವು ಓದುವ ಪಟ್ಟಿಗಳಲ್ಲಿ ಒಬ್ಬ ವ್ಯಕ್ತಿಯ ಸಾವು ಒಂದೇ ಕಡೆ ಎಣಿಕೆಯಾಗುತ್ತದೆ. ಆ ಒಂದನ್ನು ಮೂಲ ಕಾರಣವೆನ್ನುತ್ತಾರೆ: ಸಾವಿನತ್ತ ಕೊಂಡೊಯ್ದ ಘಟನೆಗಳ ಸರಣಿಯನ್ನು ಆರಂಭಿಸಿದ ರೋಗ ಅಥವಾ ಗಾಯ, ಇಲ್ಲವೇ ಮಾರಕ ಗಾಯಕ್ಕೆ ಕಾರಣವಾದ ಅಪಘಾತ ಅಥವಾ ಹಿಂಸೆಯ ಸಂದರ್ಭ.

ಆ ಒಂದನ್ನು ಆರಿಸುವವರು ಯಾರು? ಸರಣಿಯನ್ನು ವೈದ್ಯರು ಸರಿಯಾಗಿ ಬರೆದಿದ್ದರೆ ಆಯ್ಕೆ ಬಹುಮಟ್ಟಿಗೆ ಅವರದೇ. ಬರೆದ ಕ್ರಮ ತರ್ಕಕ್ಕೆ ನಿಲ್ಲದಿದ್ದಾಗ, ಅಥವಾ ಒಂದು ಕಾಯಿಲೆ ಇನ್ನೊಂದರ ನೇರ ಪರಿಣಾಮವೆಂದು ಸ್ಪಷ್ಟವಾಗಿದ್ದೂ ಬೇರೆ ಜಾಗದಲ್ಲಿ ಬರೆದಿದ್ದಾಗ, ವರ್ಗೀಕರಣದ ಜೊತೆಗೇ ಬರುವ ಆಯ್ಕೆಯ ನಿಯಮಗಳು ಮಧ್ಯೆ ಪ್ರವೇಶಿಸುತ್ತವೆ. ಇಂದು ಹಲವು ದೇಶಗಳಲ್ಲಿ ಈ ಕೆಲಸದ ದೊಡ್ಡ ಪಾಲನ್ನು ಕಂಪ್ಯೂಟರ್ ತಂತ್ರಾಂಶವೇ ಮಾಡುತ್ತದೆ; ಅಮೆರಿಕದಲ್ಲಂತೂ 1968ರಿಂದಲೇ ಹೀಗಿದೆ. ಯಾವ ಕಾಯಿಲೆಯಿಂದ ಯಾವುದು ಉಂಟಾಗಬಹುದು ಎಂಬುದರ ಉದ್ದುದ್ದ ಕೋಷ್ಟಕಗಳನ್ನು ಅದಕ್ಕೆ ಮೊದಲೇ ಕೊಟ್ಟಿರುತ್ತಾರೆ.

ಒಂದು ಕಲ್ಪಿತ ಪ್ರಮಾಣಪತ್ರವನ್ನು ಎದುರಿಗಿಟ್ಟುಕೊಳ್ಳೋಣ. ಮೊದಲನೆಯ ಭಾಗದ ಮೊದಲ ಸಾಲಿನಲ್ಲಿ "ನ್ಯುಮೋನಿಯಾ" ಎಂದಷ್ಟೇ ಇದೆ, ಕೆಳಗಿನ ಸಾಲುಗಳು ಖಾಲಿ. ಎರಡನೆಯ ಭಾಗದಲ್ಲಿ "ಮಿದುಳಿನ ರಕ್ತಸ್ರಾವ, ಪಾರ್ಶ್ವವಾಯು" ಎಂದಿದೆ. ಹಾಸಿಗೆ ಹಿಡಿದ ರೋಗಿಗೆ ನುಂಗುವುದು, ಕೆಮ್ಮುವುದು ಕಷ್ಟವಾಗಿ ಶ್ವಾಸಕೋಶಕ್ಕೆ ಸೋಂಕು ತಗಲುವುದು ವೈದ್ಯಲೋಕಕ್ಕೆ ಹೊಸತೇನಲ್ಲ. ವೈದ್ಯರು ಪಾರ್ಶ್ವವಾಯುವನ್ನು ಮೊದಲನೆಯ ಭಾಗದ ಎರಡನೆಯ ಸಾಲಿನಲ್ಲಿ ಬರೆದಿದ್ದರೆ ತೊಡಕೇ ಇರಲಿಲ್ಲ, ಬರೆಯಲಿಲ್ಲ. ಒಂಬತ್ತನೇ ಪರಿಷ್ಕರಣೆಯನ್ನು ಅಮೆರಿಕದಲ್ಲಿ ಬಳಸುತ್ತಿದ್ದ ರೀತಿಯಲ್ಲಿ ಇಂಥ ಪತ್ರ ನ್ಯುಮೋನಿಯಾದ ಲೆಕ್ಕಕ್ಕೆ ಹೋಗುವ ಸಾಧ್ಯತೆ ಹೆಚ್ಚಿತ್ತು. ಹತ್ತನೇ ಪರಿಷ್ಕರಣೆಯ ಮೂರನೇ ನಿಯಮವು, ನ್ಯುಮೋನಿಯಾವನ್ನು ತನ್ನ ಪರಿಣಾಮವಾಗಿ ತರಬಲ್ಲ ಕಾಯಿಲೆಗಳ ವ್ಯಾಪ್ತಿಯನ್ನು ಬಹಳ ಹಿಗ್ಗಿಸಿತು. ಪ್ರಮಾಣಪತ್ರದ ಯಾವ ಭಾಗದಲ್ಲಾದರೂ ಅಂಥದೊಂದು ಕಾಯಿಲೆಯಿದ್ದರೆ ಅದನ್ನೇ ಮೂಲ ಕಾರಣವಾಗಿ ಆರಿಸಬೇಕೆಂದಾಯಿತು. ಪತ್ರದಲ್ಲಿ ಒಂದಕ್ಷರವೂ ಬದಲಾಗಲಿಲ್ಲ; ಸಾವು ಮಾತ್ರ ಶ್ವಾಸಕೋಶದ ಅಂಕಣದಿಂದ ಮಿದುಳಿನ ರಕ್ತನಾಳಗಳ ಅಂಕಣಕ್ಕೆ ಮನೆ ಬದಲಿಸಿತು.

ಅಲ್ಝೈಮರ್ ಏರಿಕೆಯ ಹಿಂದೆ ಇದರ ಜೊತೆಗೆ ಇನ್ನೊಂದು ಬಗೆಯ ಬದಲಾವಣೆಯಿತ್ತು. ಒಂಬತ್ತನೇ ಪರಿಷ್ಕರಣೆಯಲ್ಲಿ ಮುಪ್ಪಿಗೆ ಮೊದಲೇ ಬರುವ ಡಿಮೆನ್ಷಿಯಾ ಎಂಬುದಕ್ಕೆ ಮಾನಸಿಕ ಕಾಯಿಲೆಗಳ ಅಧ್ಯಾಯದಲ್ಲಿ ಪ್ರತ್ಯೇಕ ಸಂಕೇತವಿತ್ತು. ಹತ್ತನೆಯದರಲ್ಲಿ ಅಲ್ಲಿದ್ದ ಸಾವುಗಳ ಬಹುಪಾಲು ಅಲ್ಝೈಮರ್ ಸಂಕೇತದಡಿ ಬಂದು ಸೇರಿತು. ಅಂದರೆ ಒಂದು ಕಡೆ ಆಯ್ಕೆಯ ನಿಯಮ ಬದಲಾಯಿತು, ಇನ್ನೊಂದು ಕಡೆ ಡಬ್ಬಿಯ ಗೋಡೆಯನ್ನೇ ಸರಿಸಲಾಯಿತು. ಇವೆರಡನ್ನೂ ಬೇರೆಬೇರೆಯಾಗಿ ಗುರುತಿಸುವುದು ಒಳ್ಳೆಯದು, ಏಕೆಂದರೆ ಹೊಸ ಪುಸ್ತಕವನ್ನು ತಿರುವಿಹಾಕಿದರೆ ಗೋಡೆ ಸರಿದದ್ದು ಕಣ್ಣಿಗೆ ಬೀಳುತ್ತದೆ, ನಿಯಮ ಬದಲಾದದ್ದು ಅಷ್ಟು ಸುಲಭವಾಗಿ ಕಾಣುವುದಿಲ್ಲ. ನನ್ನ ಮಟ್ಟಿಗೆ ಹೆಚ್ಚು ಜನರನ್ನು ದಾರಿ ತಪ್ಪಿಸುವುದು ನಿಯಮದ ಬದಲಾವಣೆಯೇ.

ಅಮೆರಿಕದ ಅಂಕಿಗಳಲ್ಲಿ ಎಷ್ಟು ಭಾಗ ನಿಜ, ಎಷ್ಟು ಭಾಗ ಪುಸ್ತಕದ ಆಟ ಎಂಬುದನ್ನು ಬೇರ್ಪಡಿಸಲು ಒಂದು ಸರಳವಾದ, ಆದರೆ ಶ್ರಮದ ವಿಧಾನವಿದೆ. ಒಂದೇ ವರ್ಷದ ಪ್ರಮಾಣಪತ್ರಗಳನ್ನು ತೆಗೆದುಕೊಂಡು, ಹಳೆಯ ಪರಿಷ್ಕರಣೆಯ ಪ್ರಕಾರ ಒಮ್ಮೆ, ಹೊಸದರ ಪ್ರಕಾರ ಇನ್ನೊಮ್ಮೆ ಸಂಕೇತ ಕೊಟ್ಟು, ಹೊಸ ಎಣಿಕೆಯನ್ನು ಹಳೆಯದರಿಂದ ಭಾಗಿಸುತ್ತಾರೆ. ಬಂದ ಉತ್ತರಕ್ಕೆ ಹೋಲಿಕೆ ಅನುಪಾತ ಎನ್ನಬಹುದು. ಅನುಪಾತ 1 ಬಂದರೆ ಪರಿಷ್ಕರಣೆಯಿಂದ ನಿವ್ವಳ ವ್ಯತ್ಯಾಸವಿಲ್ಲ, 1ಕ್ಕಿಂತ ಹೆಚ್ಚಾದರೆ ಹೊಸ ಪುಸ್ತಕ ಆ ರೋಗಕ್ಕೆ ಹೆಚ್ಚು ಸಾವುಗಳನ್ನು ಒಪ್ಪಿಸುತ್ತಿದೆ, ಕಡಿಮೆಯಾದರೆ ಕಿತ್ತುಕೊಳ್ಳುತ್ತಿದೆ. 1996ರ ಸಾವುಗಳನ್ನು ಹೀಗೆ ಎರಡು ಬಾರಿ ವಿಂಗಡಿಸಿ 2001ರಲ್ಲಿ ಪ್ರಕಟಿಸಿದ ಪ್ರಾಥಮಿಕ ಲೆಕ್ಕದಲ್ಲಿ ನ್ಯುಮೋನಿಯಾ–ಇನ್‌ಫ್ಲುಯೆಂಜಾದ ಅನುಪಾತ 0.6982 ಇತ್ತು, ಅಲ್ಝೈಮರ್‌ನದು 1.5536, ರಕ್ತನಂಜಿನದು 1.1949, ಪಾರ್ಶ್ವವಾಯುವಿನದು 1.0588, ಕ್ಯಾನ್ಸರ್‌ನದು 1.0068.

ಈಗ ಮೊದಲಿನ ಸಂಖ್ಯೆಗಳಿಗೆ ಮರಳೋಣ. 1998ರ 91,871ನ್ನು 0.6982ರಿಂದ ಗುಣಿಸಿದರೆ ಸುಮಾರು 64,144 ಬರುತ್ತದೆ. 1998ರಲ್ಲೇ ಹೊಸ ಪುಸ್ತಕ ಬಳಸಿದ್ದರೆ ನ್ಯುಮೋನಿಯಾ–ಇನ್‌ಫ್ಲುಯೆಂಜಾದ ಸಾವುಗಳು ಹೆಚ್ಚುಕಡಿಮೆ ಇಷ್ಟೇ ಇರುತ್ತಿದ್ದವು. 1999ರಲ್ಲಿ ನಿಜಕ್ಕೂ ದಾಖಲಾದದ್ದು 63,730. ಮೂವತ್ತು ಶೇಕಡಾ ಕುಸಿತವೆಂದು ಕಂಡದ್ದು ಒಂದು ಶೇಕಡಾಕ್ಕೂ ಕಡಿಮೆ ಇಳಿಕೆಯಾಗಿ ಕರಗಿಹೋಯಿತು. ಅಲ್ಝೈಮರ್‌ನ ಕಥೆ ಹಾಗಲ್ಲ. 22,725ನ್ನು 1.5536ರಿಂದ ಗುಣಿಸಿದರೆ ಸುಮಾರು 35,306, ದಾಖಲಾದದ್ದು 44,536. ಪರಿಷ್ಕರಣೆಯ ಪಾಲನ್ನು ಕಳೆದ ಮೇಲೂ ಕಾಲುಭಾಗದಷ್ಟು ಏರಿಕೆ ಉಳಿಯುತ್ತದೆ, ಅದಕ್ಕೆ ಬೇರೆ ವಿವರಣೆ ಹುಡುಕಬೇಕಾಗುತ್ತದೆ: ವೃದ್ಧರ ಸಂಖ್ಯೆ ಹೆಚ್ಚಿದ್ದು, ವೈದ್ಯರು ಆ ಹೆಸರನ್ನು ಪ್ರಮಾಣಪತ್ರದಲ್ಲಿ ಹೆಚ್ಚಾಗಿ ಬರೆಯತೊಡಗಿದ್ದು ಇತ್ಯಾದಿ. "ಎಲ್ಲವೂ ವರ್ಗೀಕರಣದ ಮಾಯೆ" ಎಂದು ಕೈತೊಳೆದುಕೊಳ್ಳುವುದು ಸಂಖ್ಯೆಯನ್ನು ಇದ್ದ ಹಾಗೇ ನಂಬುವಷ್ಟೇ ದೊಡ್ಡ ತಪ್ಪು ಎಂಬುದಕ್ಕೆ ಈ ಎರಡು ಸಾಲುಗಳು ಸಾಕು.

ಅನುಪಾತವನ್ನು ಓದುವಾಗಲೂ ಎಚ್ಚರ ಬೇಕು. ಹೃದ್ರೋಗದ ಅನುಪಾತ 0.9858, ನೋಡಲು 1ಕ್ಕೆ ಅಂಟಿಕೊಂಡಂತಿದೆ. ಆದರೆ ಅಮೆರಿಕದಲ್ಲಿ 1998ರಲ್ಲಿ ಹೃದ್ರೋಗದಿಂದ ಸತ್ತವರು ಏಳು ಲಕ್ಷಕ್ಕೂ ಹೆಚ್ಚಾದ್ದರಿಂದ, ಆ ಸಣ್ಣ ವ್ಯತ್ಯಾಸವೇ ಸುಮಾರು ಹತ್ತು ಸಾವಿರ ಸಾವುಗಳಾಗುತ್ತದೆ. ಇನ್ನೊಂದು ಮಾತು: ಅನುಪಾತ ತೋರಿಸುವುದು ನಿವ್ವಳ ಫಲವನ್ನು. ಐದು ಸಾವಿರ ಸಾವುಗಳು ಒಂದು ಬಾಗಿಲಿನಿಂದ ಹೊರಹೋಗಿ, ಬೇರೆ ಐದು ಸಾವಿರ ಇನ್ನೊಂದು ಬಾಗಿಲಿನಿಂದ ಒಳಬಂದಿದ್ದರೂ ಉತ್ತರ 1 ಎಂದೇ ಬರುತ್ತದೆ, ಒಳಗಿರುವವರು ಮಾತ್ರ ಬೇರೆ. ಒಂದು ದೇಶದ ಅನುಪಾತವನ್ನು ಇನ್ನೊಂದು ದೇಶಕ್ಕೆ ಹೊತ್ತೊಯ್ಯುವುದೂ ಸರಿಯಲ್ಲ, ಏಕೆಂದರೆ ನಿಯಮ ಕೆಲಸ ಮಾಡುವುದು ಅಲ್ಲಿನ ವೈದ್ಯರು ಬರೆಯುವ ರೂಢಿಯ ಮೇಲೆ; ನ್ಯುಮೋನಿಯಾವನ್ನು ಒಂಟಿಯಾಗಿ ಬರೆಯುವ ರೂಢಿಯಿರುವಲ್ಲಿ ಮೂರನೇ ನಿಯಮಕ್ಕೆ ಹಿಡಿದುಕೊಳ್ಳಲು ಬೇರೇನೂ ಸಿಗುವುದಿಲ್ಲ. ವಯಸ್ಸಿನ ಗುಂಪುಗಳಲ್ಲೂ ಅದು ಒಂದೇ ಆಗಿರುವುದಿಲ್ಲ. ಹಲವು ಕಾಯಿಲೆಗಳನ್ನು ಒಟ್ಟಿಗೆ ಹೊತ್ತಿರುವ ವೃದ್ಧರಲ್ಲಿ ಮೂಲ ಕಾರಣದ ಆಯ್ಕೆಗೆ ಎಡೆ ಹೆಚ್ಚು. ಯುವಕನೊಬ್ಬ ರಸ್ತೆ ಅಪಘಾತದಲ್ಲಿ ಸತ್ತರೆ ಯಾವ ಪುಸ್ತಕ ತೆರೆದರೂ ಅದು ಅಪಘಾತವೇ.

ನಿಯಮದ ಪ್ರಭಾವವನ್ನು ಇನ್ನೂ ಸ್ಪಷ್ಟವಾಗಿ, ಹೆಚ್ಚುಕಡಿಮೆ ಪ್ರಯೋಗಶಾಲೆಯ ಪರೀಕ್ಷೆಯಂತೆ ತೋರಿಸುವುದು ಇಂಗ್ಲೆಂಡ್ ಮತ್ತು ವೇಲ್ಸ್‌ನ ಅನುಭವ. ಅಲ್ಲಿನ ಅಂಕಿಅಂಶ ಕಚೇರಿ 1984ರಲ್ಲಿ, ಅದೇ ಒಂಬತ್ತನೇ ಪರಿಷ್ಕರಣೆಯ ಒಳಗೇ ಇದ್ದುಕೊಂಡು, ಮೂರನೇ ನಿಯಮವನ್ನು ವಿಶಾಲವಾಗಿ ಅರ್ಥೈಸಲು ಆರಂಭಿಸಿತು. ನ್ಯುಮೋನಿಯಾದ ಸಾವುಗಳು ಆ ವರ್ಷವೇ ಕಡಿದಾಗಿ ಕುಸಿದವು. 1993ರಲ್ಲಿ ಗಣಕೀಕೃತ ಸಂಕೇತನಕ್ಕೆ ಬದಲಾದಾಗ ಕಚೇರಿ ಅಂತರರಾಷ್ಟ್ರೀಯ ರೂಢಿಗೆ ಹಿಂತಿರುಗಿತು, ನ್ಯುಮೋನಿಯಾ ಮತ್ತೆ ಮೇಲೇರಿತು. 2001ರಲ್ಲಿ ಹತ್ತನೇ ಪರಿಷ್ಕರಣೆ ಬಂದಾಗ ಮತ್ತೊಮ್ಮೆ ಇಳಿಯಿತು. ಈ ಅವಧಿಯ ರೇಖಾಚಿತ್ರ ನೋಡಿದರೆ ಒಂದು ತೊಟ್ಟಿಯನ್ನು ಅಗೆದು, ಮುಚ್ಚಿ, ಮತ್ತೆ ಅಗೆದ ಹಾಗಿದೆ. ಆ ಏರಿಳಿತಕ್ಕೂ ರೋಗಾಣುವಿಗೂ ಸಂಬಂಧವಿಲ್ಲ.

ಸಮಸ್ಯೆ ಹೊಸದೂ ಅಲ್ಲ. ಲಂಡನ್ನಿನ ವಾರದ ಸಾವಿನ ಪಟ್ಟಿಗಳನ್ನು ಕೂಡಿಸಿ ವಿಶ್ಲೇಷಿಸಿ 1662ರಲ್ಲಿ ಪ್ರಕಟಿಸಿದ ಜಾನ್ ಗ್ರಾಂಟ್ ಎಂಬ ವರ್ತಕ, ರಿಕೆಟ್ಸ್ ಎಂಬ ಹೆಸರು ಆ ಪಟ್ಟಿಗಳಲ್ಲಿ 1634ಕ್ಕಿಂತ ಮೊದಲು ಕಾಣುವುದೇ ಇಲ್ಲ, ಆ ವರ್ಷ 14 ಸಾವುಗಳೊಂದಿಗೆ ಮೊದಲ ಬಾರಿ ಬರುತ್ತದೆ, ಬಳಿಕ ಏರುತ್ತಲೇ ಹೋಗುತ್ತದೆ ಎಂಬುದನ್ನು ಗಮನಿಸಿದ. ರೋಗವೇ ಆಗ ಹುಟ್ಟಿತೋ, ಇಲ್ಲವೇ ಮೊದಲಿನಿಂದಲೂ ಇದ್ದ ರೋಗಕ್ಕೆ ಆಗ ಹೆಸರು ಸಿಕ್ಕಿತೋ ಎಂದು ತನ್ನನ್ನೇ ಕೇಳಿಕೊಂಡ. ಹಾಗೆ ಕೇಳಿ ಸುಮ್ಮನಾಗದೆ, ಈ ಸಾವುಗಳು ಮೊದಲು ಅಡಗಿದ್ದಿರಬಹುದಾದ ನೆರೆಯ ಅಂಕಣವನ್ನು, ಅಂದರೆ ಯಕೃತ್ತು ಊದಿಕೊಂಡು ಸತ್ತವರೆಂಬ ಲೆಕ್ಕವನ್ನು, ವರ್ಷವರ್ಷವೂ ಹೋಲಿಸಿ ನೋಡಿದ. ಒಂದು ಏರಿದಾಗ ಇನ್ನೊಂದು ಇಳಿದಿದೆಯೇ ಎಂಬ ಈ ಪರೀಕ್ಷೆಗೆ ಗಣಕಯಂತ್ರವೂ ಬೇಡ, ಅನುಪಾತದ ಕೋಷ್ಟಕವೂ ಬೇಡ. ಇವತ್ತಿಗೂ ಸಾವಿನ ಕಾರಣಗಳ ಪಟ್ಟಿ ಕೈಗೆ ಬಂದಾಗ ಮೊದಲು ಮಾಡಬೇಕಾದ ಕೆಲಸ ಅದೇ.

ಗ್ರಾಂಟನ ಕಾಲಕ್ಕೆ ಎಲ್ಲರೂ ಒಪ್ಪಿದ ಪಟ್ಟಿಯೆಂಬುದೇ ಇರಲಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ವಿಲಿಯಂ ಫಾರ್, ಒಂದೇ ರೋಗಕ್ಕೆ ಮೂರು–ನಾಲ್ಕು ಹೆಸರುಗಳಿರುವುದನ್ನೂ ಒಂದೇ ಹೆಸರನ್ನು ಹಲವು ರೋಗಗಳಿಗೆ ಬಳಸುವುದನ್ನೂ ದೂರಿ, ಏಕರೂಪದ ವರ್ಗೀಕರಣಕ್ಕಾಗಿ ದಶಕಗಳ ಕಾಲ ದುಡಿದ. 1893ರಲ್ಲಿ ಫ್ರಾನ್ಸಿನ ಜಾಕ್ ಬರ್ತಿಯೋನ್ ಮಂಡಿಸಿದ ಪಟ್ಟಿಯಿಂದ ಇಂದಿನ ಐಸಿಡಿ ಬೆಳೆಯಿತು. 1900ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಮೊದಲ ಪರಿಷ್ಕರಣೆಯ ಬಳಿಕ ಸುಮಾರು ಹತ್ತು ವರ್ಷಕ್ಕೊಮ್ಮೆ ಅದನ್ನು ತಿದ್ದುತ್ತ ಬಂದರು. 1948ರ ಆರನೆಯ ಪರಿಷ್ಕರಣೆಯಿಂದ ಹೊಣೆ ವಿಶ್ವ ಆರೋಗ್ಯ ಸಂಸ್ಥೆಯದಾಯಿತು.

ಆರನೆಯ ಪರಿಷ್ಕರಣೆಯ ಮಹತ್ವ ಅದರಲ್ಲಿ ಸೇರಿದ ಹೊಸ ಹೆಸರುಗಳಿಗಿಂತ ಮೂಲ ಕಾರಣವೆಂಬ ಕಲ್ಪನೆ ಅಲ್ಲಿ ಗಟ್ಟಿಯಾದದ್ದರಲ್ಲಿದೆ. ಅದಕ್ಕೆ ಮೊದಲು ಅಮೆರಿಕದಲ್ಲಿ ಎರಡು ಕಾಯಿಲೆಗಳು ಒಟ್ಟಿಗೆ ಬರೆದಿದ್ದರೆ ಯಾವುದಕ್ಕೆ ಆದ್ಯತೆ ಎಂಬುದನ್ನು ಒಂದು ಕೈಪಿಡಿ ಯಾಂತ್ರಿಕವಾಗಿ ತೀರ್ಮಾನಿಸುತ್ತಿತ್ತು, ಆ ಆದ್ಯತೆಯ ಪಟ್ಟಿಯಲ್ಲಿ ಮಧುಮೇಹಕ್ಕೆ ಮೇಲಿನ ಸ್ಥಾನವಿತ್ತು. ವೈದ್ಯರು ಬರೆದ ಕ್ರಮಕ್ಕೇ ಮನ್ನಣೆ ಕೊಡಬೇಕೆಂದಾದ ಮೇಲೆ, 1949ರಲ್ಲಿ ಅಲ್ಲಿನ ಮಧುಮೇಹದ ಸಾವುಗಳು ಥಟ್ಟನೆ ಕುಸಿದವು.

ಪುಸ್ತಕಕ್ಕಿಂತ ರೋಗವೇ ಮುಂದೆ ಓಡುವುದೂ ಉಂಟು. ಒಂಬತ್ತನೇ ಪರಿಷ್ಕರಣೆ ಅಂಗೀಕಾರವಾದದ್ದು 1975ರಲ್ಲಿ. ಏಡ್ಸ್ ಗುರುತಾದದ್ದು 1981ರಲ್ಲಿ. ಅಮೆರಿಕ 1987ರ ದಾಖಲೆಗಳಿಂದ ಅದಕ್ಕೆ ಪ್ರತ್ಯೇಕ ಸಂಕೇತಗಳನ್ನು ಬಳಸತೊಡಗುವವರೆಗೆ ಆ ಸಾವುಗಳು ರೋಗನಿರೋಧಕ ಶಕ್ತಿಯ ಕೊರತೆ, ನ್ಯುಮೋನಿಯಾ ಮುಂತಾದ ಬೇರೆ ಹೆಸರುಗಳ ಅಡಿಯಲ್ಲಿ ಚದುರಿಹೋಗಿದ್ದವು. ಕೋವಿಡ್‌ನಲ್ಲಿ ಆ ತಪ್ಪು ಮರುಕಳಿಸಲಿಲ್ಲ. ಪ್ರಯೋಗಾಲಯದಲ್ಲಿ ದೃಢಪಟ್ಟ ಸೋಂಕಿಗೆ ಯು07.1, ಪರೀಕ್ಷೆಯಿಲ್ಲದೆ ಲಕ್ಷಣಗಳಿಂದ ನಿರ್ಧರಿಸಿದ್ದಕ್ಕೆ ಯು07.2 ಎಂಬ ತುರ್ತು ಸಂಕೇತಗಳು 2020ರ ಮೊದಲ ತಿಂಗಳುಗಳಲ್ಲೇ ಸಿದ್ಧವಾದವು.

ವರ್ಗೀಕರಣ ಬದಲಾಗುವ ಹೊತ್ತಿಗೆ ನಮೂನೆಯೂ ಬದಲಾದರೆ ಗೊಂದಲ ಇಮ್ಮಡಿಸುತ್ತದೆ. ಜಪಾನ್ 1995ರಲ್ಲಿ ಹತ್ತನೇ ಪರಿಷ್ಕರಣೆಯೊಂದಿಗೆ ಹೊಸ ಮರಣ ಪ್ರಮಾಣಪತ್ರವನ್ನೂ ಜಾರಿಗೆ ತಂದಿತು. ರೋಗದ ಕೊನೆಯ ಹಂತವನ್ನು ಸೂಚಿಸಲು ಹೃದಯ ವೈಫಲ್ಯ, ಉಸಿರಾಟ ವೈಫಲ್ಯ ಎಂದು ಬರೆಯಬಾರದೆಂದು ಅದರಲ್ಲೇ ಸೂಚನೆಯಿತ್ತು. ಎಲ್ಲರ ಹೃದಯವೂ ಕೊನೆಗೆ ನಿಲ್ಲುತ್ತದೆ ಎಂಬುದು ಸತ್ಯವಾದರೂ ಅದು ಕಾರಣವೆನಿಸುವುದಿಲ್ಲವಷ್ಟೆ. 1993ರಲ್ಲಿ ಸುಮಾರು 1.8 ಲಕ್ಷವಿದ್ದ ಹೃದ್ರೋಗದ ಸಾವುಗಳು 1995ರಲ್ಲಿ ಸುಮಾರು 1.4 ಲಕ್ಷಕ್ಕೆ ಇಳಿದವು. ಸೂಚನೆ ಮೊದಲೇ ವೈದ್ಯರ ಕಿವಿಗೆ ಬಿದ್ದಿದ್ದರಿಂದ ಇಳಿಕೆ 1994ರಲ್ಲೇ ಶುರುವಾಗಿತ್ತು. ಸಾವಿನ ಕಾರಣಗಳ ಸಾಲಿನಲ್ಲಿ ಎರಡನೆಯ ಸ್ಥಾನ ಹೃದ್ರೋಗದಿಂದ ಜಾರಿ ಪಾರ್ಶ್ವವಾಯುವಿಗೆ ಹೋಯಿತು.

ತಾಯಂದಿರ ಮರಣದ ವಿಷಯದಲ್ಲಿ ಒಂದು ಚೌಕವೇ ಸಾಕಾಯಿತು. 2003ರ ಅಮೆರಿಕದ ಮಾದರಿ ಪ್ರಮಾಣಪತ್ರದಲ್ಲಿ, ಸತ್ತ ಮಹಿಳೆ ಗರ್ಭಿಣಿಯಾಗಿದ್ದಳೇ, ಇತ್ತೀಚೆಗೆ ಆಗಿದ್ದಳೇ ಎಂದು ಗುರುತು ಹಾಕುವ ಜಾಗ ಸೇರಿತು. ರಾಜ್ಯಗಳು ಒಂದೊಂದಾಗಿ, ವರ್ಷಗಳ ಅಂತರದಲ್ಲಿ ಅದನ್ನು ಅಳವಡಿಸಿಕೊಂಡದ್ದರಿಂದ ದೇಶದ ಒಟ್ಟು ಲೆಕ್ಕ ಅರ್ಧ ಹೊಸ ಪದ್ಧತಿ, ಅರ್ಧ ಹಳೆಯ ಪದ್ಧತಿಯಾಗಿ, ಅಧಿಕೃತ ದರವನ್ನು ಪ್ರಕಟಿಸುವುದನ್ನೇ ಕೆಲವು ಕಾಲ ನಿಲ್ಲಿಸಬೇಕಾಯಿತು. 2018ರ ದರ ಕೊನೆಗೆ ಹೊರಬಂದಾಗ ಅದು ಒಂದು ಲಕ್ಷ ಜೀವಂತ ಜನನಗಳಿಗೆ 17.4 ಇತ್ತು. 2002ರ ವಿಧಾನದಲ್ಲೇ ಎಣಿಸಿದ್ದರೆ 8.7 ಆಗುತ್ತಿತ್ತು; 2002ರ ದರ 8.9. ಚೌಕವಿಲ್ಲದಾಗ ಎಷ್ಟೋ ಸಾವುಗಳು ಲೆಕ್ಕ ತಪ್ಪುತ್ತಿದ್ದವು ಎಂಬುದೂ ನಿಜ, ಚೌಕ ಬಂದ ಮೇಲೆ ವಯಸ್ಸಾದ ಮಹಿಳೆಯರ ಪತ್ರಗಳಲ್ಲೂ ತಪ್ಪಾಗಿ ಗುರುತು ಬಿದ್ದದ್ದೂ ನಿಜ. ಹಾಗಾಗಿ 17.4 ಸರಿಯೋ 8.7 ಸರಿಯೋ ಎಂದು ಕೇಳುವವರಿಗೆ ಒಂದೇ ಮಾತಿನ ಉತ್ತರ ಕೊಡಲಾಗುವುದಿಲ್ಲ. ಒಂದರಲ್ಲಿ ಬಿಟ್ಟುಹೋದದ್ದು ಹೆಚ್ಚು, ಇನ್ನೊಂದರಲ್ಲಿ ಸೇರಬಾರದ್ದು ಸೇರಿದೆ.

ದೇಶದೇಶಗಳನ್ನು ಹೋಲಿಸುವವರಿಗೆ ಇನ್ನೊಂದು ತೊಡಕು ಕಾದಿದೆ. ಹತ್ತನೇ ಪರಿಷ್ಕರಣೆಗೆ ಒಪ್ಪಿಗೆ ಸಿಕ್ಕಿದ್ದು 1990ರಲ್ಲಾದರೂ ಎಲ್ಲರೂ ಒಂದೇ ದಿನ ಅದಕ್ಕೆ ಬದಲಾಗಲಿಲ್ಲ. ಡೆನ್ಮಾರ್ಕ್ ಒಂಬತ್ತನೆಯದನ್ನು ಬಳಸದೆಯೇ ಎಂಟರಿಂದ ನೇರ ಹತ್ತಕ್ಕೆ 1994ರಲ್ಲಿ ಜಿಗಿಯಿತು. ಸ್ಕಾಟ್ಲೆಂಡ್ 2000ದಲ್ಲಿ, ನೆರೆಯ ಇಂಗ್ಲೆಂಡ್ ಮತ್ತು ವೇಲ್ಸ್ ಅದರ ಮರುವರ್ಷ ಬದಲಾದವು. 1998ರ ಡೆನ್ಮಾರ್ಕನ್ನೂ ಅದೇ ವರ್ಷದ ಅಮೆರಿಕವನ್ನೂ ನ್ಯುಮೋನಿಯಾದಲ್ಲಿ ಹೋಲಿಸಿದರೆ ಎರಡು ನಿಯಮಾವಳಿಗಳನ್ನು ಹೋಲಿಸಿದಂತೆಯೇ ಸರಿ. ಪರಿಷ್ಕರಣೆಯ ಸಂಖ್ಯೆ ಹಾಗೇ ಇದ್ದರೂ ಒಳಗಿನ ಆವೃತ್ತಿಗಳು ಬದಲಾಗುವುದುಂಟು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹತ್ತನೆಯದರ ಹೊಸ ಆವೃತ್ತಿಗೆ 2011ರಲ್ಲಿ, ಹೊಸ ತಂತ್ರಾಂಶಕ್ಕೆ 2014ರಲ್ಲಿ ಬದಲಾದಾಗ ಡಿಮೆನ್ಷಿಯಾದ ಲೆಕ್ಕ ಎರಡೂ ಬಾರಿ ಮೇಲಕ್ಕೆ ಜರುಗಿತು. ಪತ್ರಿಕೆಯ ತಲೆಬರಹಗಳಲ್ಲಿ ಇಂಥ ಅಡಿಟಿಪ್ಪಣಿಗೆ ಜಾಗ ಸಿಗುವುದು ಅಪರೂಪ.

ಈಗ ಹನ್ನೊಂದನೆಯ ಪರಿಷ್ಕರಣೆಯ ಸರದಿ. 2019ರ ಮೇ ತಿಂಗಳಲ್ಲಿ ಅಂಗೀಕಾರವಾಗಿ, 2022ರ ಜನವರಿ 1ರಿಂದ ಜಾರಿಗೆ ಬಂದ ಅದನ್ನು ದೇಶಗಳು ತಮ್ಮ ತಮ್ಮ ವೇಗದಲ್ಲಿ ಅಳವಡಿಸಿಕೊಳ್ಳುತ್ತಿವೆ. ಅದರಲ್ಲಿನ ಬದಲಾವಣೆಗಳಲ್ಲಿ ಸಾವಿನ ಪಟ್ಟಿಗಳ ಓದುಗರು ಮೊದಲು ನೆನಪಿಡಬೇಕಾದದ್ದು ಪಾರ್ಶ್ವವಾಯುವಿನ ಪಯಣ. 1948ರ ಆರನೆಯ ಪರಿಷ್ಕರಣೆಯಲ್ಲೂ ಅದರ ನಂತರದ ಏಳನೆಯದರಲ್ಲೂ ಅದು ನರವ್ಯೂಹದ ಕಾಯಿಲೆಗಳ ಅಧ್ಯಾಯದಲ್ಲಿತ್ತು. 1965ರ ಎಂಟನೆಯದರಲ್ಲಿ ರಕ್ತಪರಿಚಲನೆಯ ಅಧ್ಯಾಯಕ್ಕೆ ಬಂದು, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹೃದ್ರೋಗದ ನೆರೆಯಲ್ಲೇ ಉಳಿಯಿತು. ಹನ್ನೊಂದನೆಯದು ಅದನ್ನು ಮತ್ತೆ ನರವ್ಯೂಹದ ಅಧ್ಯಾಯಕ್ಕೆ ಕಳುಹಿಸಿದೆ. ಹೀಗಾಗಿ ಒಂದು ದೇಶ ಹೊಸ ಪರಿಷ್ಕರಣೆಗೆ ಬದಲಾದ ವರ್ಷ, ಅಧ್ಯಾಯವಾರು ಮೊತ್ತಗಳನ್ನು ಮಾತ್ರ ನೋಡಿದವರಿಗೆ ರಕ್ತಪರಿಚಲನೆಯ ಕಾಯಿಲೆಗಳು ಒಮ್ಮೆಲೇ ಕುಗ್ಗಿದಂತೆಯೂ ನರರೋಗಗಳು ಹಿಗ್ಗಿದಂತೆಯೂ ಕಾಣುತ್ತದೆ. ಅದೇ ಪಟ್ಟಿಯಲ್ಲಿ ಪಾರ್ಶ್ವವಾಯು ಎಂಬ ಸಾಲನ್ನೇ ಹುಡುಕಿ ಹಿಂದಿನ ವರ್ಷದ ಪಕ್ಕದಲ್ಲಿಟ್ಟರೆ, ಅಧ್ಯಾಯ ಬದಲಾದ ಕಾರಣಕ್ಕೆ ಆ ಸಾಲಿನಲ್ಲಿ ಒಂದು ಸಾವೂ ಹೆಚ್ಚುಕಡಿಮೆಯಾಗಿರುವುದಿಲ್ಲ.